ಆಲಿಕಲ್ಲು ಬಿದ್ದ ದಿನ ನಾನಿದ್ದ ಊರು

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಪುರಾವೆಯಿಲ್ಲದೆ ಯಾರ ನೆನಪನ್ನೂ ನಂಬಬಾರದು ಎಂದು ಎರಡು ವರ್ಷ ಕಲಿತೆ. ಈ ನಿಯಮ ನನ್ನ ನೆನಪಿಗೂ ಅನ್ವಯಿಸುತ್ತದೆ ಎಂದು ಪಠ್ಯಕ್ರಮದಲ್ಲಿ ಎಲ್ಲೂ ಬರೆದಿರಲಿಲ್ಲ.

ಐದನೇ ತರಗತಿಯಲ್ಲಿದ್ದಾಗ ನಾನೊಂದು ಸಾಕ್ಷಿ ಹೇಳಿದ್ದೆ. ಹುಮನಾಬಾದ್ ತಾಲ್ಲೂಕಿನ ಹುಡಗಿ ಎಂಬ ಊರಿನಲ್ಲಿ, ಯುಗಾದಿಯ ಮರುದಿನ ಆಲಿಕಲ್ಲು ಬಿದ್ದು, ಅಪ್ಪನ ತಮ್ಮ ಕಾಕಾ ಕಾಯುತ್ತಿದ್ದ ಮನೆಮಂದಿಯ ಕುರಿಗಳು ಬಯಲಲ್ಲೇ ಸತ್ತಿದ್ದವು. ದೊಡ್ಡವರು ಅಂಗಳದಲ್ಲಿ ಕೂತು ತಪ್ಪು ಯಾರದೆಂದು ಮಾತಾಡುವಾಗ ನಾನು ನಡುವೆ ನುಗ್ಗಿದೆ. "ಮುಂಜಾನೇನ ಗುಡುಗಿತ್ತು. ಮಳಿ ಬರ್ತದಂತ ಕಾಕಾಗ ನಾ ಹೇಳಿದ್ದೆ, ಅಂವ ನಕ್ಕ." ಕಾಕಾ ಏನೂ ಅನ್ನಲಿಲ್ಲ. ಅಂದಿನಿಂದ ಯಾರೂ ಅವನ ಕೈಗೆ ಕುರಿ ಬಿಡಲಿಲ್ಲ. ಕುರಿ ಕಾಯುವುದೊಂದನ್ನೇ ಬಲ್ಲ ಮನುಷ್ಯ ಮಂದಿಯ ಹೊಲದಲ್ಲಿ ಕಳೆ ಕೀಳುತ್ತ ಬದುಕಿದ. ನಾನು ಮಾತ್ರ ಜಾಣ ಹುಡುಗಿ ಎನಿಸಿಕೊಂಡೆ.

ಈ ವರ್ಷ ಕಾಕಾನ ಅಕ್ಕ, ಅಂದರೆ ನನ್ನ ಅತ್ತಿ, ಮೊಣಕಾಲು ನೋವಿನಿಂದ ಕುರಿಗಳ ಹಿಂದೆ ಹೋಗಲಾರದಾದಳು. ಒಂದೋ ತಮ್ಮನಿಗೆ ಒಪ್ಪಿಸಬೇಕು, ಇಲ್ಲವೋ ಪರವೂರಿನ ಕುರಿಗಾರನಿಗೆ. ಮೊದಲಿನಿಂದಲೂ ಬಸವಕಲ್ಯಾಣದಲ್ಲಿರುವ ನನಗೆ ಫೋನು ಬಂತು.

"ಅವತ್ತು ಗವಾಹಿ ಹೇಳಿದಾಕಿ ನೀನ. ಕುರಿ ಅವನ ಕೈಗೆ ಕೊಡ್ಲೋ ಬ್ಯಾಡೋ, ನೀನ ಹೇಳು."

"ಎರಡು ದಿನ ತಡಿ ಅತ್ತಿ, ಪುರಾವೆ ನೋಡಿ ಹೇಳ್ತೀನಿ."

"ಪುರಾವಿ ಯಾಕ? ನೀನ ಇದ್ದೀ ಅಲಾ!"

ನಾನು ಲ್ಯಾಪ್‌ಟಾಪ್ ತೆರೆದೆ. ಹಳೆಯ ಬಿರುಗಾಳಿ, ಸಿಡಿಲು, ಆಲಿಕಲ್ಲುಗಳ ವರದಿಗಳನ್ನು ಹುಡುಕಿಕೊಡುವ ಒಂದು ತಂತ್ರಾಂಶ ನನಗೆ ಗೊತ್ತಿತ್ತು. ಊರು ಬರೆದು ದಿನಾಂಕ ಒತ್ತಿದರೆ ನಕಾಶೆಯ ಮೇಲೆ ಕೆಂಪು ಚುಕ್ಕೆಗಳು ಮೂಡುತ್ತವೆ. ಹುಡಗಿ ಎಂದು ಬರೆದು, ಆ ವರ್ಷದ ಯುಗಾದಿಯ ಮರುದಿನವನ್ನು ಒತ್ತಿದೆ. "ಈ ದಿನ ಯಾವ ವರದಿಯೂ ಇಲ್ಲ" ಎಂದಿತು. ಅಂದರೆ ಕಾಕಾನ ಕುರಿಗಳು ಒಳ್ಳೆಯ ಹವಾಮಾನದಲ್ಲಿ, ತಮ್ಮ ಸ್ವಂತ ಇಚ್ಛೆಯಿಂದ ಸತ್ತಿದ್ದವು. ಯಾರಾದರೂ ವರದಿ ಮಾಡಿದರೆ ಮಾತ್ರ ಅದರ ಪಾಲಿಗೆ ಆಲಿಕಲ್ಲು. ಸತ್ತ ಕುರಿಗಳ ನಡುವೆ ನಿಂತವನಿಗೆ ಅರ್ಜಿ ತುಂಬುವ ವ್ಯವಧಾನ ಎಲ್ಲಿಂದ ಬರಬೇಕು?

ತಾಲ್ಲೂಕಿನ ಹೆಸರು ಹಾಕಿದೆ. ಒಂದು ಚುಕ್ಕೆ ಸಿಕ್ಕಿತು: ಹುಮನಾಬಾದ್, ಸಂಜೆ ನಾಲ್ಕು, ಆಲಿಕಲ್ಲು, ಗಾಲ್ಫ್ ಚೆಂಡಿನ ಗಾತ್ರ. ನಮ್ಮ ಭಾಗದವರೆಲ್ಲ ದಿನವೂ ಗಾಲ್ಫ್ ಆಡುವುದರಿಂದ ಅಳತೆ ತಕ್ಷಣ ತಿಳಿಯಿತು. ಆದರೆ ಮುಂಜಾನೆಯ ಗುಡುಗು ಎಲ್ಲೂ ಇರಲಿಲ್ಲ. ತಂತ್ರಾಂಶಕ್ಕೇ ಮರೆವು ಎಂದುಕೊಂಡು ಹಿಂದಿನ ದಿನ ಒತ್ತಿದೆ. ಗುಡುಗು ನಕಾಶೆಯಲ್ಲಿ ಪಕ್ಕದ ತಾಲ್ಲೂಕಿನಲ್ಲಿತ್ತು. ಯುಗಾದಿಯ ದಿನ, ಮುಂಜಾನೆ, ಬಸವಕಲ್ಯಾಣ.

ಆಮೇಲಷ್ಟೇ ಹಳೆಯ ಟ್ರಂಕು ತೆರೆಯುವ ಬುದ್ಧಿ ಬಂತು. ಐದನೇ ತರಗತಿಯ ನನ್ನ ದಿನಚರಿ ಇಷ್ಟು ವರ್ಷ ಅಲ್ಲೇ ಇತ್ತು. ಎಲ್ಲ ನೆನಪಿರುವಾಗ ಓದುವುದೇಕೆ ಎಂದು ಬಿಟ್ಟಿದ್ದೆ. ಯುಗಾದಿ: "ಗುಡುಗಿತು. ಹೋಳಿಗೆ ತಿಂದೆ." ಅದರ ಮರುದಿನ: "ಹೋಳಿಗೆ ಮುಗಿಯಿತು." ಮೂರನೆಯ ದಿನ: "ಬಸ್ಸಿನಲ್ಲಿ ಹುಡಗಿಗೆ ಹೋದೆವು. ಕುರಿ ಸತ್ತಿವೆ. ಎಲ್ಲರೂ ಅಳುತ್ತಿದ್ದಾರೆ."

ಆಲಿಕಲ್ಲು ಬಿದ್ದಾಗ ನಾನು ಆ ಊರಲ್ಲೇ ಇರಲಿಲ್ಲ. ಬಂದುಹೋಗುವವರ ಅಳು, ಗದ್ದಲದಲ್ಲಿ ನಾನು ಎಂದು ಬಂದೆನೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಆದರೂ ಕಾಕಾ ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಹಲ್ಲಿನ ಸಂದಿಯ ಸಮೇತ.

ಮರುದಿನ ಮುಂಜಾನೆಯ ಬಸ್ಸಿಗೆ ಹೋದೆ. ಅತ್ತಿ ಕಾಕಾನನ್ನೂ ಕರೆಸಿದ್ದಳು. ಲ್ಯಾಪ್‌ಟಾಪ್, ದಿನಚರಿ ಎರಡನ್ನೂ ಮುಂದಿಟ್ಟು ತಪ್ಪೊಪ್ಪಿಕೊಂಡೆ. ಮಾತನ್ನು ದಾರಿಯುದ್ದಕ್ಕೂ ತಿದ್ದಿ ತೀಡಿದ್ದೆ, ಚೆನ್ನಾಗಿಯೇ ಬಂತು.

"ನನಗ ಮಾಲೂಮ ಇತ್ತು," ಅಂದ ಕಾಕಾ. "ನೀ ಮರುದಿನ ಬಂದಾಕಿ."

"ಮತ್ತ ಅವತ್ತ ಯಾಕ ಬಾಯಿ ಬಿಡಲಿಲ್ಲ?" ಅತ್ತಿ ರೇಗಿದಳು.

"ಸಣ್ಣ ಕೂಸು. ಎಲ್ಲಾರ ಮುಂದ ಸುಳ್ಳಿ ಅಂತ ಹ್ಯಾಂಗ ಅನ್ಲಿ?" ಅಷ್ಟಕ್ಕೇ ಬಿಡಲಿಲ್ಲ. "ಮತ್ತ ಮೋಡ ಇತ್ತು ಅಕ್ಕಾ. ಮುಂಜಾನಿ ಅಲ್ಲ, ಮಧ್ಯಾಹ್ನ. ನಾ ನೋಡೀನಿ."

ನಾನು ಇಷ್ಟು ಕಷ್ಟಪಟ್ಟು ಬಿಡಿಸಿದವನು ತಾನಾಗಿಯೇ ಹೋಗಿ ಮತ್ತೆ ಕಟಕಟೆಯಲ್ಲಿ ನಿಂತ.

"ನೋಡಿ ಸುಮ್ಮ ಕುಂತೇನು?" ಅತ್ತಿ ಕೇಳಿದಳು.

"ಆ ಹೊಲದಾಗ ಮೂರು ರಾತ್ರಿ ಕುರಿ ತರುಬ್ತೀನಂತ ಮಾತ ಕೊಟ್ಟಿದ್ದೆ. ಎರಡ ಆಗಿದ್ವು. ಊರೊಳಗ ಹೊಡಕೊಂಡು ಬಂದಿದ್ರ ಆ ರಾತ್ರಿ ತಪ್ತಿತ್ತು."

ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ಕೂಡಿಹಾಕಲು ಒಪ್ಪಿದ ಮೇಲೆ ನಡುವೆ ಎಬ್ಬಿಸಿದರೆ ಕುರಿಗಾರನ ಮರ್ಯಾದೆ ಹೋಗುತ್ತದೆ. ಆ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಅವನು ಕುರಿಗಳನ್ನೂ ಮರ್ಯಾದೆಯನ್ನೂ ಕಳೆದುಕೊಂಡಿದ್ದ. ಇಂಥ ಕಾರಣಕ್ಕೆ ತಂತ್ರಾಂಶದಲ್ಲಿ ಜಾಗವಿಲ್ಲ. ನನ್ನ ದಿನಚರಿಯಲ್ಲೂ ಇರಲಿಲ್ಲ.

ಅತ್ತಿ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು.

"ಈ ಯಂತ್ರ ನಿನ್ನ ಬಿಡಿಸಿತ್ತು. ಸುಮ್ಮ ಹೂಂ ಅಂದಿದ್ರ ಸಾಕಿತ್ತಲ್ಲೋ."

"ಮೋಡ ಇತ್ತಲಾ ಅಕ್ಕಾ," ಅಂದ ಕಾಕಾ.

"ಹಂಗಾದ್ರ ಈ ಸಲ ಮಾತ ನನಗ ಕೊಡು. ಮೋಡ ಕಂಡ್ರ, ರಾತ್ರಿ ಎಷ್ಟ ಬಾಕಿ ಇದ್ರೂ, ಕುರಿ ಎಬ್ಬಿಸಿಕೊಂಡು ಬರಬೇಕು."

ಕಾಕಾ ತಲೆ ಕೆರೆದುಕೊಂಡ.

"ಹೊಲದಾಂವ ಏನಂದಾನು?"

ಅತ್ತಿ ಹಣೆ ಬಡಿದುಕೊಂಡಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ಅವನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಕುರಿಗಳಿದ್ದ ದಡ್ಡಿಯ ಬಾಗಿಲು ಅವನಿಗೆ ತೆಗೆದಳು.