ಕೆಳಗಿನ ಮನೆಯವಳ ದನಗಳು

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ಎಪ್ಪತ್ತರ ದಶಕದಲ್ಲಿ, ಅಮೆರಿಕದ ನ್ಯೂಅರ್ಕಿನಲ್ಲಿ, ಅದೂ ದನಗಳ ದೆಸೆಯಿಂದ.

ನಾನು ಆಸ್ಪತ್ರೆಯ ಲ್ಯಾಬಿನಿಂದ ಬರುವವರೆಗೆ ನನ್ನ ಮಗಳನ್ನು ಕೆಳಗಿನ ಮನೆಯವಳು ನೋಡಿಕೊಳ್ಳುತ್ತಿದ್ದಳು. ಸ್ಪೇನಿನ ಯಾವುದೋ ಬೆಟ್ಟದ ಹಳ್ಳಿಯವಳು. ಬಹಳ ಒಳ್ಳೆಯವಳು. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಮಗಳು ಅವಳನ್ನು ‘ತಿಯಾ’ ಎಂದು, ಅಂದರೆ ಚಿಕ್ಕಮ್ಮ ಎಂದು, ರಾಗ ಎಳೆದು ಕರೆಯುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅವಳ ಹತ್ತಿರ ಮಾತ್ರ ಪಟಪಟನೆ ಸ್ಪ್ಯಾನಿಷ್!

ಒಂದು ಸಂಜೆ ಊಟಕ್ಕೆ ಕೂತಾಗ ಹೊಸ ಶಬ್ದವೊಂದನ್ನು ಹೊತ್ತು ತಂದಳು: ‘ಎಸ್ತಾಬುಲಾರ್’. ದನಗಳನ್ನು ಹೊರಗೆ ಬಿಡದೆ ಒಳಗೇ ಕಟ್ಟಿ ಸಾಕುವುದಂತೆ. ತಿಯಾಳ ಊರಲ್ಲಿ ಚಳಿಗಾಲಕ್ಕೆ ಹಸುಗಳು ಮನೆಯ ಕೆಳಗಿನ ಅಂತಸ್ತಿನಲ್ಲೇ ಇರುತ್ತಿದ್ದವಂತೆ, ಅವುಗಳ ಉಸಿರಿಗೆ ಮೇಲಿನ ಕೋಣೆ ಬೆಚ್ಚಗಾಗುತ್ತಿತ್ತಂತೆ. ಅನ್ನ ಆರಿಹೋದರೂ ಅವಳ ಮಾತು ನಿಲ್ಲಲಿಲ್ಲ.

ನನಗೆ ತಡೆಯಲಾಗಲಿಲ್ಲ. ಧಾರವಾಡದ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದೇ ಎತ್ತು, ಎಮ್ಮೆ. ಎತ್ತರದ ಕಟ್ಟೆಯ ಮೇಲೆ ನಾವು, ಕೆಳಗೆ ಅವು. ಮಲಗಿದಲ್ಲಿಂದ ಕೈ ಚಾಚಿದರೆ ಎಮ್ಮೆಯ ಕೋಡು ಸಿಗುತ್ತಿತ್ತು.

“ನಮ್ಮ ಮನ್ಯಾಗೂ ದನಾ ಒಳಗ ಕಟ್ತಿದ್ವಿ,” ಎಂದೆ. “ಅವು ಮೆಲಕ ಹಾಕೂ ಸಪ್ಪಳ ಕೇಳಕೋತ ಮಲಗ್ತಿದ್ದೆ ನಾನು.”

ಮಗಳು ತಟ್ಟೆಯಿಂದ ತಲೆಯೆತ್ತಿದಳು. “ಅಮ್ಮಾ, ದಟ್ಸ್ ತಿಯಾಸ್ ಸ್ಟೋರಿ. ಯು ಆರ್ ಕಾಪಿಯಿಂಗ್ ಹರ್.”

ಮೈಯೆಲ್ಲ ಉರಿದುಹೋಯಿತು. ನನ್ನ ಎಮ್ಮೆಗೆ ನಾನೇ ಕಳ್ಳಿಯಾದೆ! ಗಂಡನಾದರೂ ಸಾಕ್ಷಿ ಹೇಳಲಿ ಎಂದು ಅತ್ತ ನೋಡಿದೆ. ಅವರು ಮೈಸೂರಿನ ಪೇಟೆಯಲ್ಲಿ ಬೆಳೆದವರು. “ಮನೆ ಒಳಗೇನಾ?” ಎಂದು ಮೂಗು ಮುರಿದು ಸಾರು ಬಡಿಸಿಕೊಂಡರು.

ಮರುದಿನ ಮಗಳನ್ನು ಕರೆತರಲು ಹೋದವಳು ಬಾಗಿಲಲ್ಲೇ ನಿಂತು ಕೆಳಗಿನ ಮನೆಯವಳಿಗೆ ಎಲ್ಲವನ್ನೂ ಹೇಳಿದೆ. ಇಬ್ಬರದೂ ಹರಕು ಮುರುಕು ಇಂಗ್ಲಿಷು. ಕಟ್ಟೆ ಎಷ್ಟೆತ್ತರ ಎಂದು ಕೈಯಲ್ಲಿ ತೋರಿಸಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, ಗಂಜಳ ಹೊರಗೆ ಹೋಗುವುದು ಹೇಗೆ, ಸೊಳ್ಳೆಗೆ ಏನು ಮಾಡುತ್ತಿದ್ದಿರಿ ಎಂದೆಲ್ಲ ಕೇಳಿದಳು. ಆಮೇಲೆ ಮಗಳ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ ಏನೇನೋ ಹೇಳಿದಳು.

ಮಗಳು ಓಡಿ ಬಂದು ನನ್ನ ಸೊಂಟ ಅಪ್ಪಿಕೊಂಡಳು. “ಅಮ್ಮಾ, ಯು ಹ್ಯಾಡ್ ಬಫಲೋಸ್ ಇನ್‌ಸೈಡ್ ದ ಹೌಸ್! ತಿಯಾ ಟೋಲ್ಡ್ ಮಿ!”

ನನಗೆ ಗೊತ್ತೇ ಇಲ್ಲದ ಸುದ್ದಿಯೆಂಬಂತೆ ನನಗೇ ಹೇಳುತ್ತಿದ್ದಳು. ಅವಳ ತಲೆ ನೇವರಿಸುತ್ತ ಕೆಳಗಿನ ಮನೆಯವಳಿಗೆ ‘ಥ್ಯಾಂಕ್ ಯೂ’ ಎಂದೆ. ಅಷ್ಟು ಹೊಟ್ಟೆ ಉರಿದುಕೊಂಡು ನಾನು ಇನ್ಯಾರಿಗೂ ಥ್ಯಾಂಕ್ಸ್ ಹೇಳಿಲ್ಲ.