ಬಾರದ ನೀರಿನ ಮೇಯರ್

ಇವತ್ತು ಫ್ಯಾಕ್ಟರಿಯಿಂದ ಬೇಗ ಬಂದು ಕಾರು ನಿಲ್ಲಿಸುತ್ತಿದ್ದಾಗ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಕಾವಲಿನ ಆಸ್ಕರಿಗಳು ಮರಳು ತುಂಬಿದ ಚೀಲಗಳನ್ನು ಹಿಂದಿನ ಗೋಡೆಗೆ ಪೇರಿಸುತ್ತಿದ್ದರು. ಗೋಡೆಯಾಚೆ ತೊರೆ. ಮಳೆ ಹಿಡಿದಾಗ ಹೀಗೆ ಚೀಲ ಜೋಡಿಸುವ ಪದ್ಧತಿಯನ್ನು ನೈರೋಬಿಯ ಹೈರಿಡ್ಜಿನ ನಮ್ಮ ಫ್ಲ್ಯಾಟುಗಳಿಗೆ ಕಲಿಸಿದವರು ಮೇಯರ್ ಸಾಹೇಬರು. ಕಾರಿನ ಬಾಗಿಲು ತೆಗೆದಿಟ್ಟುಕೊಂಡೇ ಸ್ವಲ್ಪ ಹೊತ್ತು ಕೂತುಬಿಟ್ಟೆ...

ಸಾಹೇಬರು ಮೇಯರ್ ಆಗಿದ್ದದ್ದು ನೈರೋಬಿಗಲ್ಲ, ಇಟಲಿಯ ಉತ್ತರಕ್ಕಿರುವ ಒಂದು ಸಣ್ಣ ನಗರಕ್ಕೆ. ನಡುವೆ ಹೊಳೆ ಹರಿಯುವ ಊರಂತೆ. ಅವರ ಮಗಳು ಇಲ್ಲಿ, ನೈರೋಬಿಯ ಅಪ್ಪರ್ ಹಿಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಇಲ್ಲಿಗೆ ಕರೆಸಿಕೊಂಡಿದ್ದಳು. ನಮ್ಮ ಮೇಲಿನ ಮನೆ ಅವರದು. ನಾನು ಆಗಲೇ ನಮ್ಮ ಫ್ಲ್ಯಾಟುಗಳ ಅಸೋಸಿಯೇಷನ್ನಿಗೆ ಅಧ್ಯಕ್ಷನಾಗಿ ಸಾಕಾಗಿ ಹೋಗಿದ್ದೆ. ಲಿಫ್ಟು ನಿಂತರೆ ನಾನು, ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ನಾನು, ಪಕ್ಕದ ಮನೆಯ ನಾಯಿ ಬೊಗಳಿದರೂ ನಾನು. ದೇಶಕಾಲ ಕಂಡ ಮನುಷ್ಯ ಸಿಕ್ಕಿದರು, ಈ ಕುರ್ಚಿಯನ್ನು ಅವರ ಕೊರಳಿಗೆ ಕಟ್ಟಿಬಿಡೋಣವೆಂದು ಹೋಗಿ ಕೇಳಿದೆ. ಅವರು ಎರಡೂ ಕೈ ಎತ್ತಿ ಮುಗಿದುಬಿಟ್ಟರು. ನಮಸ್ಕಾರ ಮಾಡುವುದನ್ನು ನಮ್ಮಿಂದಲೇ ಕಲಿತಿದ್ದರು.

ಇಟಲಿಯ ಮೇಯರ್ ಎಂದರೆ ದರ್ಬಾರು ಇರಬಹುದೆಂದು ನಾನು ಅಂದುಕೊಂಡಿದ್ದೆ. ಹಾಗೇನಿರಲಿಲ್ಲ. ಬ್ರೆಡ್ಡು ತರಲು ಹೋದರೆ ಅಂಗಡಿಯಲ್ಲೇ ಜನ ಸುತ್ತಿಕೊಂಡು ಬೀದಿದೀಪ, ಚರಂಡಿ, ಶಾಲೆಯ ಊಟ ಎಂದು ದೂರು ಹೇಳುತ್ತಿದ್ದರಂತೆ. ಗೌರವದ ಕೆಲಸವೆಂದರೆ ಒಂದೇ: ಬಲ ಭುಜದಿಂದ ಇಳಿಬಿಟ್ಟ ಹಸಿರು ಬಿಳಿ ಕೆಂಪಿನ ಪಟ್ಟಿ ಧರಿಸಿ, ಚರ್ಚಿಗೆ ಹೋಗದವರ ಮದುವೆ ಮಾಡಿಸುವುದು. “ನಾನು ಮದುವೆ ಮಾಡಿಸಿದವರೂ ನನಗೆ ವೋಟು ಹಾಕಲಿಲ್ಲ. ಪ್ರಾಯಶಃ ಅದಕ್ಕೇ ಹಾಕಲಿಲ್ಲ,” ಎಂದು ಅವರು ನಗುತ್ತಿದ್ದರು.

ಸೋತ ಕಾರಣ ಬೇರೆಯೇ ಇತ್ತು. ಅಲ್ಲಿ ನೆರೆಯ ಮುನ್ಸೂಚನೆ ಬಂದರೆ ಊರು ಖಾಲಿ ಮಾಡಿಸುವ ಆದೇಶಕ್ಕೆ ಮೇಯರೇ ಸಹಿ ಹಾಕಬೇಕು. ಊರದೇವತೆಯಂಥ ಸಂತನ ಹಬ್ಬದ ದಿನವೇ ಇವರು ಸಹಿ ಹಾಕಿದರು. ಅಂಗಡಿಗಳು ಮುಚ್ಚಿದವು, ಹೊಳೆದಂಡೆಯ ಜನ ಹಾಸಿಗೆ ಹೊತ್ತುಕೊಂಡು ಆಟದ ಮೈದಾನದ ಕಟ್ಟಡ ಸೇರಿದರು. ಹೊಳೆ ದಂಡೆಯವರೆಗೆ ಬಂದು, ಇಣುಕಿ, ಇಳಿದುಹೋಯಿತು. ಹಬ್ಬ ಹಾಳು ಮಾಡಿದವನೆಂದು ಬೈಸಿಕೊಂಡು ಮುಂದಿನ ಚುನಾವಣೆಯಲ್ಲಿ ಮನೆ ಸೇರಿದರು. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ನಡೆದು ಬಂದವರ ಸುಸ್ತು ಇತ್ತು.

ಆ ವರ್ಷದ ಮಳೆ ಬಿಟ್ಟೂ ಬಿಡದೆ ಸುರಿಯಿತು. ಒಂದು ಶನಿವಾರ ಮಧ್ಯಾಹ್ನ ಅವರು ನನ್ನನ್ನು ಹಿಂದಿನ ಗೋಡೆಯ ಬಳಿಗೆ ಕರೆದರು. ತೊರೆ ಕೆಂಪಗಾಗಿತ್ತು, ಮೇಲಿನಿಂದ ಇಡೀ ಕೊಂಬೆಗಳು ತೇಲಿ ಬರುತ್ತಿದ್ದವು. ನೆಲಮಹಡಿಯವರನ್ನು ಮೇಲೆ ಕಳಿಸಿ ಎಂದರು. ನೆಲಮಹಡಿಯ ಮನೆಗಳಲ್ಲೊಂದು ಮೈಸೂರಿನ ಕುಟುಂಬದ್ದು, ಯಜಮಾನರು ಔಷಧಿ ಕಂಪನಿಯಲ್ಲಿ ಮ್ಯಾನೇಜರು. ಅಂದು ಸಂಜೆ ಆ ಮನೆಯ ಸೊಸೆಗೆ ಸೀಮಂತ. ಹಾಲ್‌ನಲ್ಲಿ ಮಂಟಪ ಕಟ್ಟಿಯಾಗಿತ್ತು, ಹೋಳಿಗೆ ಬೇಯುತ್ತಿತ್ತು.

“ನೀರು ಬರದೇ ಹೋದರೆ?” ಎಂದೆ.

“ಬೈತಾರೆ,” ಎಂದರು ಸಾಹೇಬರು. “ಬಂದರೆ, ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳೋಕೆ ಆ ಹುಡುಗಿ ಇರ್ತಾಳೋ ಇಲ್ವೋ.”

ನಾನು ಹೋಗಿ ಹೇಳಿದೆ. ಆ ಮನೆಯಾಕೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. “ಏನ್ ಸಾರ್ ಇದು? ಬಳೆ ತೊಡಿಸೋ ಹೊತ್ನಲ್ಲಿ ಮನೆ ಖಾಲಿ ಮಾಡಿ ಅಂತೀರಲ್ಲ, ಬಾಯಿ ಹೇಗ್ ಬಂತು ನಿಮ್ಗೆ?” ಎಂದರು. ಯಜಮಾನರು ಸಮಾಧಾನ ಹೇಳಿ ಒಪ್ಪಿಸಿದರು. ಫ್ರಿಜ್ಜಿನಿಂದ ಹಿಡಿದು ಹೋಳಿಗೆ ತಟ್ಟೆಯವರೆಗೆ ಎಲ್ಲವೂ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂತು. ನನ್ನ ಹೆಂಡತಿ ಸೋಫಾಗಳನ್ನು ಗೋಡೆಗೆ ದಬ್ಬಿ, ಇದ್ದಷ್ಟು ಜಾಗದಲ್ಲೇ ಮಣೆ ಹಾಕಿದಳು. ಆರತಿಯ ಹೊತ್ತಿಗೆ ಸಾಹೇಬರು ಕೋಟು, ಟೈ ಹಾಕಿಕೊಂಡು ಇಳಿದು ಬಂದರು. ರೇಷ್ಮೆ ಸೀರೆ, ಮೊಗ್ಗಿನ ಜಡೆ, ಪಕ್ಕದಲ್ಲಿ ಗಂಡ. ಅವರಿಗೆ ಅದು ಮದುವೆಯಾಗಿಯೇ ಕಂಡಿತು. ಹುಡುಗಿಯ ತುಂಬಿದ ಹೊಟ್ಟೆಯನ್ನು ನೋಡಿಯೂ ಹುಬ್ಬು ಹಾರಿಸದೆ ನೆಟ್ಟಗೆ ನಿಂತು, ಒಬ್ಬರಿಗೊಬ್ಬರು ಆಸರೆಯಾಗಿರಬೇಕು, ಒಂದೇ ಸೂರಿನಡಿ ಬಾಳಬೇಕು ಎಂದು ತಮ್ಮೂರಿನ ಮದುವೆಯ ಮಾತುಗಳನ್ನು ಗಂಭೀರವಾಗಿ ಹೇಳಿಯೇಬಿಟ್ಟರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮನೆಯಾಕೆ ಮಾತ್ರ ನಗಲಿಲ್ಲ.

ನೀರು ಬರಲಿಲ್ಲ. ಭಾನುವಾರ ಬೆಳಿಗ್ಗೆ ಗೋಡೆಯ ಬುಡ ನೆನೆದಿತ್ತು, ಅಷ್ಟೇ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಮಾನ ಹರಾಜಾಯಿತು. ಇನ್ನು ಈ ಅಧ್ಯಕ್ಷಗಿರಿ ಸಾಕೆಂದು ರಾಜೀನಾಮೆ ಬರೆಯಲು ಕೂತಿದ್ದಾಗ ಹೆಂಡತಿ ಬಂದು, ಸಾಹೇಬರು ಕೆಳಗಿದ್ದಾರೆ ನೋಡಿ ಎಂದಳು. ಹೋಗಿ ನೋಡಿದರೆ ಅವರು ನೆಲಮಹಡಿಯ ಬಾಗಿಲು ಬಾಗಿಲಿಗೂ ನಿಂತು, ಟೊಪ್ಪಿ ತೆಗೆದು, “ಪೋಲೆ ಸಾನಾ,” ಎನ್ನುತ್ತಿದ್ದರು. ತೀರ್ಮಾನ ನನ್ನದು, ಅಧ್ಯಕ್ಷರನ್ನು ಬೈಯಬೇಡಿ ಎನ್ನುತ್ತಿದ್ದರು. ಕ್ಷಮೆ ಕೇಳಲೂ ಸಂಕಟ ಹಂಚಿಕೊಳ್ಳಲೂ ಈ ಊರಿನವರು ಸ್ವಾಹಿಲಿಯಲ್ಲಿ ಹೇಳುವುದು ಆ ‘ಪೋಲೆ’ಯನ್ನೇ. ಮೈಸೂರಿನಾಕೆ ಬಾಗಿಲು ಅರ್ಧ ತೆರೆದು ಕೇಳಿಸಿಕೊಂಡು ಮುಚ್ಚಿದರು.

ನೀವೇಕೆ ಹೀಗೆ ಎಂದು ಮೆಟ್ಟಿಲ ಬಳಿ ತಡೆದು ಕೇಳಿದೆ. ನನಗೆ ನಿಜಕ್ಕೂ ಕಣ್ಣು ತುಂಬಿತ್ತು.

“ನೀವು ಇವರ ಜೊತೆ ಇನ್ನೂ ಎಷ್ಟೋ ವರ್ಷ ಇರಬೇಕು,” ಎಂದರು. “ನಾನು ಹೇಗೂ ಹೊರಡೋನು. ಬೈಗುಳ ನನ್ನ ಜೊತೆ ಹೋಗಲಿ ಬಿಡಿ.”

ನಾನು ರಾಜೀನಾಮೆ ಕೊಡಲಿಲ್ಲ. ಮಗಳ ಕೆಲಸ ಮುಗಿದು ಅವರು ಊರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ಆಮೇಲೆ ಒಂದು ಚಳಿಗಾಲದಲ್ಲಿ ಮಗಳ ಸಂದೇಶ ಬಂತು... ಮಲಗಿದ್ದವರು ಏಳಲಿಲ್ಲವಂತೆ. ಈಗಿನ ಮೇಯರ್ ಪಟ್ಟಿ ಧರಿಸಿ ಬಂದು ಶವಪೆಟ್ಟಿಗೆಯ ಪಕ್ಕ ನಿಂತಿದ್ದರಂತೆ. ಓದಿ ಫೋನು ಕೆಳಗಿಟ್ಟೆ. ಎರಡು ದಿನ ಯಾರ ದೂರಿಗೂ ಉತ್ತರ ಕೊಡಲಿಲ್ಲ.

ಇವತ್ತು ಕಾರಿನಿಂದ ಇಳಿಯುವಷ್ಟರಲ್ಲಿ ಮಳೆ ಜೋರಾಯಿತು. ಮೈಸೂರಿನಾಕೆ ವರಾಂಡದಲ್ಲಿ ನಿಂತಿದ್ದರು, ಸೆರಗು ಹಿಡಿದುಕೊಂಡು ಮೊಮ್ಮಗಳು. ಅವರು ಗೋಡೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ.

“ಸಾರ್, ಈ ಸಲ ನಾವು ಮೇಲೆ ಬರ್ಬೇಕಾ?”

ಸಾಹೇಬರಿದ್ದ ಮಹಡಿಯ ಕಡೆ ತಲೆ ಎತ್ತಿದೆ. ಆ ಮನೆಯಲ್ಲಿ ಈಗ ಯಾರೋ ಬ್ಯಾಂಕಿನವರು ಇದ್ದಾರೆ.

“ಬನ್ನಿ ಅಮ್ಮ,” ಎಂದೆ. “ಮಗೂನ ಮೊದಲು ಕಳಿಸಿ.”

ನೀರು ಬರುವುದೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಬೈಸಿಕೊಳ್ಳಲು ಈ ಸಲ ನಾನೊಬ್ಬನೇ.