ಮೂಸಬ್ಬನ ಮೇಜಿನ ಮೇಲಿನ ಕುದ್ರು

ದೋಹಾ ಅಲ್ ಜದೀದಾದ ಒಳರಸ್ತೆಯಲ್ಲಿದ್ದ ಆ ಟೈಲರ್ ಅಂಗಡಿಗೆ ಬೋರ್ಡಿನ ಮೇಲೆ ಏನೋ ಒಂದು ಹೆಸರಿತ್ತು, ಯಾರೂ ಓದುತ್ತಿರಲಿಲ್ಲ. ಅರಬರು ಮೂಸಬ್ಬನ ಕಾಲರಿಗಾಗಿ ಬರುತ್ತಿದ್ದರು. ಬಿಳಿ ನಿಲುವಂಗಿಯ ಕಾಲರು ಬೆವರಿಗೂ ಬಗ್ಗದೆ ನಿಲ್ಲಬೇಕಾದರೆ ಅವನ ಕೈಯೇ ಆಗಬೇಕು. ಯೌವನದಲ್ಲಿ ಹಡಗು ಹತ್ತಿ ಬಂದವನು, ಮದುವೆಯ ಯೋಚನೆ ಬರುವಷ್ಟರಲ್ಲಿ ತಲೆ ನೆರೆದಿತ್ತು. ಅದಕ್ಕಾಗಿ ಅವನೇನೂ ಕೊರಗಿದವನಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ಹವ್ವಮ್ಮನ ಇಬ್ಬರು ಗಂಡುಮಕ್ಕಳನ್ನು ಒಬ್ಬೊಬ್ಬರಾಗಿ ಕರೆಸಿಕೊಂಡು ಎರಡು ಮಿಷನ್ನುಗಳ ಮುಂದೆ ಕೂರಿಸಿದ್ದ. ದೊಡ್ಡವನು ಮೊಯ್ದಿನ್ ಕುಂಞಿ ತೋಳು ಹೊಲಿದು ಕೊಟ್ಟರೆ, ಚಿಕ್ಕವನು ಶಾಫಿ ಅದನ್ನು ಮೈಗೆ ಕೂಡಿಸುವನು. ಮಧ್ಯಾಹ್ನ ಮೂವರೂ ಒಂದೇ ದೊಡ್ಡ ತಟ್ಟೆಗೆ ಕೈಹಾಕಿ ಉಣ್ಣುವರು. ಮೂಸಬ್ಬನಿಗೆ ಅಷ್ಟಿದ್ದರೆ ಬೇರೇನೂ ಬೇಡವಾಗಿತ್ತು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಇವರ ದಾಯಾದಿತನಕ್ಕೆ ನೇತ್ರಾವತಿಯ ನಡುವೆ ಒಂದು ಕುದ್ರು ಇತ್ತು. ದೋಣಿಯಲ್ಲೇ ಹೋಗಬೇಕಾದ ಪುಟ್ಟ ದ್ವೀಪ. ನಡುವಿನ ಹುಣಸೆಮರದಿಂದ ಮೂಡಕ್ಕೆ ದೊಡ್ಡವನದು, ಪಡುವಕ್ಕೆ ಚಿಕ್ಕವನದು ಎಂದು ತಂದೆ ಬಾಯಿಮಾತಿನಲ್ಲಿ ಪಾಲು ಮಾಡಿ ಹೋಗಿದ್ದರು. ಈಗ ಇಬ್ಬರಿಗೂ ದೋಣಿ ನಿಲ್ಲುವ ಕಡವಿನ ಬಳಿಯೇ ಮನೆ ಕಟ್ಟಬೇಕು. ಕಡವು ಮರದಿಂದ ಮೂಡಕ್ಕಿದೆ, ನನ್ನದು ಎಂದು ಅಣ್ಣ. ಪಡುವಕ್ಕಿದೆ, ನನ್ನದು ಎಂದು ತಮ್ಮ. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತಿತು. ತೋಳನ್ನು ಅಣ್ಣ ಮೇಜಿನ ಮೇಲೆ ಎಸೆಯುವುದು, ತಮ್ಮ ಎದ್ದು ಎತ್ತಿಕೊಳ್ಳುವುದು. ಊಟಕ್ಕೆ ಮೂರು ತಟ್ಟೆಗಳಾದವು. ರಾಸ್ ಲಫಾನಿನಲ್ಲಿ ಬಂದರಿನ ಕೆಲಸ ಶುರುವಾಗಿದೆ, ಅಲ್ಲಿಯ ಕ್ಯಾಂಪಿಗೆ ಹೋಗುತ್ತೇನೆ ಎಂದು ಶಾಫಿ ಗೋಡೆಗೆ ಹೇಳುವಂತೆ ಹೇಳಿದ. ಅವನು ಹೋದರೆ ಮತ್ತೆ ಈ ಇಬ್ಬರನ್ನು ಒಂದು ಸೂರಿನಡಿ ತರುವುದು ತನ್ನಿಂದಾಗದು ಎಂದು ಮೂಸಬ್ಬನಿಗೆ ಗೊತ್ತಿತ್ತು. ಅವನಿಗೆ ಹೆದರಿಕೆಯಾಯಿತು.

ಅದು ತೊಂಬತ್ತೆರಡನೆಯ ಇಸವಿ. ಒಂದು ಸಂಜೆ, ಪಕ್ಕದ ಕಟ್ಟಡದ ಆಫೀಸಿನ ಮಂಗಳೂರಿನ ಯೂಸ್ಟೇಸ್ ಪ್ಯಾಂಟು ಗಿಡ್ಡ ಮಾಡಿಸಲು ಬಂದ. ಕಾಲರಿನ ಅಳತೆ ಕತ್ತರಿಸಲೆಂದು ಮೂಸಬ್ಬ ಹಾಸಿದ್ದ ಹಳೆಯ ಇಂಗ್ಲಿಷ್ ಪೇಪರಿನಲ್ಲಿ, ನಡುವೆ ಗೆರೆ ಎಳೆದ ಒಂದು ದ್ವೀಪದ ನಕ್ಷೆ ಇತ್ತು. ಇದೇನು ಎಂದು ಮೂಸಬ್ಬ ಕೇಳಿದ. ಅದು ಸೈಪ್ರಸ್, ಎರಡು ಪಾಲಾಗಿದೆ, ನ್ಯೂಯಾರ್ಕಿನಲ್ಲಿ ಸಂಧಾನ ನಡೆದಿದೆ ಎಂದು ಯೂಸ್ಟೇಸ್ ವಿವರಿಸಿದ. ಕಿತ್ತಳೆ ಬೆಳೆಯುವ ಒಂದು ಊರು ಯಾರಿಗೆ ಎಂಬಲ್ಲಿ ಮಾತು ಸಿಕ್ಕಿಕೊಂಡಿದೆಯಂತೆ.

"ಅಲ್ಲಿಯವರು ಊರು ಬಿಟ್ಟು ಓಡಿ ಹದಿನೆಂಟು ವರ್ಷ ಆಯ್ತು, ಮೂಸಬ್ಬಾಕ. ಆದ್ರೂ ಅವರ ತಲೆಯಲ್ಲಿ ಇರುವುದು ಬಿಟ್ಟು ಬಂದ ದಿನದ ಊರೇ," ಎಂದ ಯೂಸ್ಟೇಸ್.

ಮೂಸಬ್ಬನ ಕತ್ತರಿ ಅಲ್ಲೇ ನಿಂತಿತು.

ಮರುದಿನ ಶುಕ್ರವಾರ. ಜುಮಾ ಮುಗಿಸಿ ಬಂದ ಸೋದರಳಿಯಂದಿರ ಮುಂದೆ ಅವನು ಒಂದೊಂದು ಪೇಪರು ಹಾಕಿದ. ಕುದ್ರು ಹೇಗಿದೆಯೋ ಹಾಗೇ ಕತ್ತರಿಸಿ, ಮರ ಮತ್ತು ಕಡವಿಗೆ ಸೀಮೆಸುಣ್ಣದ ಗುರುತು ಹಾಕಿ ಎಂದ. ಮಾಮನ ಮಾತು ಮೀರುವಂತಿಲ್ಲ, ಇಬ್ಬರೂ ಬೆನ್ನು ಹಾಕಿ ಕೂತು ಕತ್ತರಿಸಿದರು. ಒಂದರ ಮೇಲೊಂದು ಇಟ್ಟು ನೋಡಿದರೆ ಅವು ಒಂದೇ ತಾಯಿಯ ಮಕ್ಕಳಂತಿರಲಿಲ್ಲ. ಅಣ್ಣನದು ಬಾಳೆಲೆಯಂತೆ ಉದ್ದ, ಕಡವು ಮರದಿಂದ ಮೂಡಕ್ಕೆ; ತಮ್ಮನದು ಗುಂಡಗೆ, ಕಡವು ಪಡುವಕ್ಕೆ. ಅಣ್ಣ ಊರು ಬಿಟ್ಟು ಹತ್ತು ವರ್ಷ ಕಳೆದ ಮೇಲೆ ತಮ್ಮ ಬಿಟ್ಟಿದ್ದ. ಅಷ್ಟರಲ್ಲಿ ಹೊಳೆ ಸುಮ್ಮನೆ ಕೂತಿರುತ್ತದೆಯೇ?

ರಜೆಗೆ ಊರಿಗೆ ಹೋದಾಗ ನೋಡಿರಬೇಕಲ್ಲ ಎಂದರೆ, ಅದೇ ತಮಾಷೆ. ಬ್ಯಾರಿ ಮುಸ್ಲಿಮರಲ್ಲಿ ಮದುಮಗನಿಗೆ ಹೆಂಡತಿಯ ಮನೆಯೇ ಮನೆ. ಇಬ್ಬರೂ ರಜೆಯಿಡೀ ಮಾವನ ಮನೆಯಲ್ಲಿ ತುಪ್ಪದನ್ನ ಉಂಡು ಮಲಗಿದವರು. ಹವ್ವಮ್ಮನೇ ದೋಣಿ ದಾಟಿ ಬಂದು ಮಕ್ಕಳ ಮುಖ ನೋಡಿ ಹೋಗುತ್ತಿದ್ದಳು. ಕುದ್ರಿನಲ್ಲಿ ಈಗ ಕಾಲಿಟ್ಟು ತಿರುಗುವವರು ಅವಳೂ ಮಗಳ ಸಂಸಾರವೂ ಮಾತ್ರ.

ಮೂಸಬ್ಬ ಊರಿಗೆ ಫೋನು ಹಚ್ಚಿದ. ದಡದ ಅಂಗಡಿಯವನು ಹವ್ವಮ್ಮನನ್ನು ಕೂಗಿ ಕರೆದ. ಅಕ್ಕ ದೋಣಿಯಲ್ಲಿ ಬರುವವರೆಗೆ ಕಾದು, ಮೂಸಬ್ಬ ಮತ್ತೆ ಹಚ್ಚಿ, ರಿಸೀವರನ್ನು ದೊಡ್ಡವನ ಕೈಗೆ ಕೊಟ್ಟ. ಮೊಯ್ದಿನ್ ಕುಂಞಿ ಕಡವಿನ ವಿಷಯ ಕೇಳಿದ. ಕೇಳಿಸಿಕೊಳ್ಳುತ್ತಾ ಅವನ ಮುಖ ಇಳಿಯಿತು. ರಿಸೀವರನ್ನು ತಮ್ಮನ ಕಡೆಗೆ ಚಾಚಿದ. ಎಷ್ಟೋ ತಿಂಗಳ ಮೇಲೆ ಅವನ ಕೈಯಿಂದ ಇವನ ಕೈಗೆ ನೇರವಾಗಿ ಬಂದದ್ದು ಅದೊಂದೇ.

"ಯಾವ ಕಡವು, ಮಗಾ? ನಿನ್ನದೂ ಇಲ್ಲ, ಅವನದೂ ಇಲ್ಲ, ಎರಡನ್ನೂ ಹೊಳೆ ತಿಂದಾಯ್ತು," ಎಂದಳು ಹವ್ವಮ್ಮ. "ಹುಣಸೆಮರವೂ ಹೋಯ್ತು. ಈಗ ದೋಣಿ ನಿಲ್ಲುವುದು ತೆಂಕು ಬದಿಗೆ ಹೊಳೆ ತಂದು ಹಾಕಿದ ಹೊಸ ಹೊಯ್ಗೆಯಲ್ಲಿ. ನಿಮ್ಮ ಉಪ್ಪ ಪಾಲು ಮಾಡುವಾಗ ಆ ನೆಲವೇ ಇರಲಿಲ್ಲ. ಅದು ಯಾರದು ಅಂತ ನನ್ನನ್ನು ಕೇಳಬೇಡಿ, ಬಂದು ನೋಡಿ. ನಾನು ಅಲ್ಲಿ ಸೌತೆ ಹಾಕಿದ್ದೇನೆ."

ಶಾಫಿ ಫೋನಿಟ್ಟ. ಮೇಜಿನ ಮೇಲಿದ್ದ ಎರಡು ಕಾಗದದ ಕುದ್ರುಗಳನ್ನು ನೋಡಿ ಮೊದಲು ನಕ್ಕದ್ದು ಅವನೇ.

"ಕಾಕ, ಈ ಸಲ ಒಟ್ಟಿಗೇ ಹೋಗುವ. ಮೊದಲು ಉಮ್ಮನಲ್ಲಿಗೆ," ಎಂದ ಅಣ್ಣನ ಕಡೆ ತಿರುಗಿ.

ಮೊಯ್ದಿನ್ ಕುಂಞಿ ಹೂಂಗುಟ್ಟಿದ. ರಾಸ್ ಲಫಾನಿನ ಮಾತನ್ನು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಮೂಸಬ್ಬ ಕಣ್ಣೊರೆಸಿಕೊಂಡು, ಅನ್ನ ಆರುತ್ತದೆ, ಯಲ್ಲಾ, ಬೇಗ ಬನ್ನಿ ಎಂದು ಗದರಿ, ಅಭ್ಯಾಸದಂತೆ ಮೂರು ತಟ್ಟೆ ತಂದಿಟ್ಟ. ಮೊಯ್ದಿನ್ ಕುಂಞಿ ಎದ್ದು ಆ ಮೂರನ್ನೂ ಒಳಗಿಟ್ಟು, ದೊಡ್ಡ ತಟ್ಟೆಯನ್ನು ತೊಳೆದು ತಂದ.